ಬಸ್ಸಿನಲ್ಲಿ ಕೊಟ್ಟ ಮಾತ್ರೆ

ಯಲಹಂಕದ ಹತ್ತಿರದ ಕೋಗಿಲಿನ ಹಳೇ ಊರಿಗೆ ಹೋಗಿ ಗಂಗರತ್ನಮ್ಮನವರ ಮನೆ ಯಾವುದು ಎಂದು ಕೇಳಿ ನೋಡಿ, ಯಾರಿಗೂ ಗೊತ್ತಾಗುವುದಿಲ್ಲ. ಟೂರಮ್ಮನ ಮನೆ ಎನ್ನಿ, ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದು ದಾರಿ ತೋರಿಸುತ್ತಾನೆ. ಅಷ್ಟು ಹೆಸರು ಆ ಹೆಂಗಸಿಗೆ. ಆ ಹೆಸರೇ ಕೊನೆಗೆ ಕೊರಳಿಗೆ ಸುತ್ತಿಕೊಂಡಿತಲ್ಲ, ಅದನ್ನೇ ಈಗ ಹೇಳಹೊರಟಿದ್ದು.

ಊರಿನ ರಾಗಿ ಹೊಲಗಳೆಲ್ಲ ಲೇಔಟುಗಳಾಗಿ, ಬೆಳಗೆದ್ದು ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಬಾಡಿಗೆ ಮನೆಗಳ ಓನರಮ್ಮಂದಿರಾಗಿ ಟಿವಿ ಮುಂದೆ ಕೂತರು. ಗಂಗರತ್ನಮ್ಮನವರಿಗೆ ಮಾತ್ರ ಕೂರಲು ಆಗಲಿಲ್ಲ. ಯಲಹಂಕದ ಸಂತೆ ದಾಟಿ ಆಚೆಗೆ ಏನಿದೆ ಎಂದು ನೋಡದ ಹೆಂಗಸರನ್ನೆಲ್ಲ ಒಟ್ಟು ಮಾಡಿ, ಆರ್.ಟಿ. ನಗರದ ಖಾದರ್ ಬಾಷಾನ ಬಸ್ಸು ಗೊತ್ತು ಮಾಡಿ, ದೇವಸ್ಥಾನಗಳಿಗೆ ಕರೆದುಕೊಂಡು ಹೋಗುವುದನ್ನು ಶುರು ಮಾಡಿದರು. ಲಾಭಕ್ಕಲ್ಲ. ಅದೊಂದು ಹುಚ್ಚು, ಅಷ್ಟೆ. "ಎಲ್ಡ್ ದಿನ ಮನೇಲಿ ಕೂತ್ರೆ ಇವಳ ಕಾಲು ಕಡೀತವೆ ಕಣ್ರಪ್ಪ" ಎಂದು ಗಂಡ ಅನಂತರಾಜು ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದರು. ಆಡಿಕೊಂಡರೂ ಹೊರಡುವ ದಿನ ಪುಳಿಯೋಗರೆಯ ಡಬರಿಯನ್ನು ಬಸ್ಸಿನವರೆಗೆ ಹೊತ್ತು ತರುತ್ತಿದ್ದವರೂ ಅವರೇ.

ಟೂರಮ್ಮನಿಗೆ ಒಂದು ಜಂಬವಿತ್ತು. ತನ್ನ ಬಸ್ಸಿನಲ್ಲಿ ಯಾರೂ ವಾಂತಿ ಮಾಡುವುದಿಲ್ಲ ಎನ್ನುವುದು. ಬೇರೆಯವರ ಟೂರಿನಲ್ಲಿ ಪ್ಲಾಸ್ಟಿಕ್ ಕವರು ಹಿಡಿದುಕೊಂಡೇ ದೇವರ ದರ್ಶನವಂತೆ, ನಮ್ಮಲ್ಲಿ ಅದೆಲ್ಲ ಇಲ್ಲ ಎನ್ನುತ್ತಿದ್ದರು. ಬಸ್ಸು ಹೆಬ್ಬಾಳದ ಫ್ಲೈಓವರ್ ಇಳಿಯುತ್ತಿದ್ದಂತೆ ಎದ್ದು ನಿಲ್ಲುವರು. ಒಂದು ಕೈಯಲ್ಲಿ ತೀರ್ಥದ ತಂಬಿಗೆ, ಇನ್ನೊಂದರಲ್ಲಿ ವಾಂತಿ ಮಾತ್ರೆಯ ಡಬ್ಬಿ. ಸೀಟಿನಿಂದ ಸೀಟಿಗೆ ಹೋಗುತ್ತ ಮಾತ್ರೆ ಹಾಕಿ, ಮೇಲೆ ತೀರ್ಥ ಬಿಡುವರು. ಹೆಂಗಸರು ಬಲಗೈ ಒಡ್ಡಿ, ಮಾತ್ರೆಯನ್ನೂ ಕಣ್ಣಿಗೆ ಒತ್ತಿಕೊಂಡು ನುಂಗುವರು. ಏನು ಮಾತ್ರೆ, ಯಾಕೆ, ನನಗೆ ಆಗುತ್ತೋ ಇಲ್ಲವೋ ಎಂದು ಒಬ್ಬರಾದರೂ ಕೇಳಬೇಕಲ್ಲ? ಇಲ್ಲ. ಪ್ರಸಾದವನ್ನು ಹಾಗೆಲ್ಲ ಕೇಳುತ್ತಾರೆಯೇ?

ಅದು ಮೆಡಿಕಲ್ ಶಾಪಿನಲ್ಲಿ ಯಾರು ಕೇಳಿದರೂ ಕೊಡುವ ಮಾಮೂಲಿ ಮಾತ್ರೆ. ಕೆಲವರು ನಿದ್ದೆ ಹೋಗುತ್ತಿದ್ದರು, ಅದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆಗದೆ ಹೋದದ್ದೇ ತಪ್ಪಾಯಿತೇನೋ. ಏನಾದರೂ ಸಣ್ಣದು ಆಗಿದ್ದಿದ್ದರೆ ಆ ಡಬ್ಬಿ ಅವತ್ತೇ ಮುಚ್ಚುತ್ತಿತ್ತು.

ಹೋದ ವರ್ಷ ಗಂಗರತ್ನಮ್ಮನವರಿಗೇ ತಲೆಸುತ್ತು ಹಿಡಿಯಿತು. ಮಗ್ಗುಲು ಬದಲಿಸಿದರೆ ಮನೆಯೆಲ್ಲ ಗಿರ್ರೆಂದು ತಿರುಗಿ, ಕುಡಿದ ನೀರೂ ವಾಂತಿಯಾಗುತ್ತಿತ್ತು. ಸಹಕಾರನಗರದ ಡಾಕ್ಟರು ನೋಡಿ ಬೇರೆ ಮಾತ್ರೆ ಬರೆದುಕೊಟ್ಟರು. ನುಂಗಿದ ಮೇಲೆ ವಾಂತಿ ನಿಂತಿತು, ತಲೆಸುತ್ತೂ ನಿಂತಿತು. ಡಾಕ್ಟರು ಬರೆದುಕೊಡುವಾಗ ಹೇಳಿದ್ದರು: "ಅಮ್ಮಾ, ಇದು ನಿಮ್ಮ ತೂಕ, ನಿಮ್ಮ ವಯಸ್ಸು ನೋಡಿ ಬರೆದಿರೋದು. ಹೇಳಿದಷ್ಟೇ ತಗೋಬೇಕು. ಬೇರೆ ಯಾರಿಗೂ ಕೊಡಬೇಡಿ, ಅದರಲ್ಲೂ ಚಿಕ್ಕ ವಯಸ್ಸಿನೋರಿಗೆ." ಗಂಗರತ್ನಮ್ಮ ಆಯ್ತು ಎಂದು ತಲೆಯಾಡಿಸಿದರು. ಕಂಡಕ್ಟರು 'ಒಳಗೆ ಹೋಗಿ, ಒಳಗೆ ಹೋಗಿ' ಎಂದು ಎಲ್ಲರಿಗೂ ಹೇಳುತ್ತಾನಲ್ಲ, ಇದೂ ಅಂಥದ್ದೇ ಮಾತು ಎಂದುಕೊಂಡರು.

ಮಾತ್ರೆ ಉಳಿದಿತ್ತು. ಒಳ್ಳೇ ಮಾತ್ರೆ, ದುಡ್ಡು ಕೊಟ್ಟ ಮಾತ್ರೆ, ಎಸೆಯುವುದುಂಟೇ? ಡಬ್ಬಿಗೆ ಸೇರಿತು.

ಹಿಂದಿನ ಬೀದಿಯ ನಾಗಲಕ್ಷ್ಮಿಯ ಮಗಳು ರಾಧಾಮಣಿ. ಯಲಹಂಕದಲ್ಲಿ ಬಿ.ಕಾಂ. ಓದುತ್ತಿದ್ದ, ಗಾಳಿ ಬೀಸಿದರೆ ಬೀಳುವಂಥ ಹುಡುಗಿ. ನಾಗಲಕ್ಷ್ಮಿಯ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆಮೇಲೆ ಆಕೆಯನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಹೊಲಿಗೆ ಹೊಲಿದು ಮಗಳನ್ನು ಓದಿಸುತ್ತಿದ್ದಳು. ಮಹದೇಶ್ವರ ಬೆಟ್ಟದ ಟೂರು ಎಂದಾಗ ಗಂಗರತ್ನಮ್ಮನೇ ಹೋಗಿ ಬಲವಂತ ಮಾಡಿದರು. ಹುಡುಗಿ ಬರುವುದಿಲ್ಲ ಎಂದು ಹಟ ಹಿಡಿದಳು.

"ಅಜ್ಜೀ, ನಂಗೆ ಕಾಲೇಜ್ ಬಸ್ಸೇ ಆಗಲ್ಲ. ಘಾಟ್ ಬೇರೆ. ನಾನ್ ಬರಲ್ಲ ಬಿಡಿ."

"ನಾನಿಲ್ವೇನೇ? ನನ್ ಬಸ್ನಲ್ಲಿ ಯಾರಾರ ವಾಂತಿ ಮಾಡಿದ್ದ ಕಂಡಿದ್ದೀಯ? ನಿಂಗೆ ಅಂತ ಒಳ್ಳೇ ಮಾತ್ರೆ ಮಡಗಿವ್ನಿ, ಬಾ."

ನಾನಿಲ್ಲವೇನೇ ಎಂದ ಆ ಮಾತನ್ನು ಈಗ ನೆನೆಸಿಕೊಂಡರೆ ಗಂಗರತ್ನಮ್ಮನವರಿಗೆ ತಮ್ಮ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಎನಿಸುತ್ತದೆ.

ಹೆಬ್ಬಾಳದಲ್ಲಿ ಎಲ್ಲರಿಗೂ ಮಾಮೂಲಿ ಮಾತ್ರೆ, ರಾಧಾಮಣಿಗೆ ತಮ್ಮ ಮಾತ್ರೆ. ಕನಕಪುರ ದಾಟಿದ ಮೇಲೆ ಹುಡುಗಿ ಹೊಟ್ಟೆ ತೊಳಸುತ್ತಿದೆ ಎಂದಾಗ ಇನ್ನೊಂದು. ಘಾಟಿಯ ತಿರುವುಗಳು ಶುರುವಾಗುವ ಮುಂಚೆ, ಇರಲಿ ಎಂದು ಮತ್ತೊಂದು. ಹುಡುಗಿ ವಾಂತಿ ಮಾಡಲಿಲ್ಲ. "ನೋಡಿದ್ಯಾ?" ಎಂದು ಗಂಗರತ್ನಮ್ಮ ಬಸ್ಸಿಗೆಲ್ಲ ಕೇಳುವಂತೆ ಹೇಳಿದರು.

ದರ್ಶನವಾಯಿತು, ದಾಸೋಹದಲ್ಲಿ ಊಟವಾಯಿತು. ಇಳಿಯುವ ದಾರಿಯಲ್ಲಿ ರಾಧಾಮಣಿಯ ಕತ್ತು ಒಂದು ಕಡೆಗೆ ಎಳೆಯತೊಡಗಿತು. ಕಿಟಕಿಯಲ್ಲಿ ಏನೋ ನೋಡುತ್ತಿದ್ದಾಳೆ ಎಂದುಕೊಂಡರು. ಕತ್ತು ಇನ್ನೂ ತಿರುಗಿತು, ಗದ್ದ ಹೆಗಲಿಗೆ ಬಂತು. ಬೆನ್ನು ಬಿಲ್ಲಾಯಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಬಿಳಿ ಮಾತ್ರ ಉಳಿಯಿತು. ನಾಲಿಗೆ ಹೊರಬಂದು, ಗಂಟಲಿನಿಂದ ಹ್ಞಾ ಹ್ಞಾ ಎಂದು ಸದ್ದು ಹೊರಟಿತು. ನಾಗಲಕ್ಷ್ಮಿ ಚೀರಿದಳು.

ಹಿಂದಿನ ಸೀಟಿನಿಂದ ಯಾರೋ ಎದ್ದು ನಿಂತು, "ಅಯ್ಯೋ, ಸಪ್ಪಲಮ್ಮ ಕಣ್ರೇ! ನಮ್ಮೂರ ಸಪ್ಪಲಮ್ಮ ಮೈಮೇಲೆ ಬಂದವ್ಳೆ!" ಎಂದರು. ಬಸ್ಸಿಗೆ ಬಸ್ಸೇ ಟೂರಮ್ಮನ ಮುಖ ನೋಡಿತು. ಇವರು ಹೇಳಿದರೆ ಹೌದು, ಇಲ್ಲವೆಂದರೆ ಇಲ್ಲ.

ಗಂಗರತ್ನಮ್ಮ ಹೆದರಿದ್ದರು, ನಿಜ. ಆದರೆ ಅದರ ಬೆನ್ನಿಗೇ ಖುಷಿಯೂ ಆಯಿತು. ಸುಳ್ಳು ಹೇಳುವುದೇಕೆ? ಇಷ್ಟು ವರ್ಷ ಊರೂರು ಅಲೆದದ್ದಕ್ಕೆ ಅಮ್ಮ ತಾನಾಗಿ ನನ್ನ ಬಸ್ಸಿಗೇ ಬಂದಳಲ್ಲ ಎನ್ನಿಸಿತು. ಬಸ್ಸು ನಿಲ್ಲಿಸಲು ಹೇಳಿದರು. ಹುಡುಗಿಯನ್ನು ರಸ್ತೆ ಬದಿಯ ಮರದ ಕೆಳಗೆ ಕೂರಿಸಿದರು. ತಾವೇ ಕರ್ಪೂರ ಹಚ್ಚಿ ಆರತಿ ಎತ್ತಿದರು.

ಖಾದರ್ ಬಾಷಾ ಸ್ಟಿಯರಿಂಗ್ ಬಿಟ್ಟು ಇಳಿದು ಬಂದ. "ಅಮ್ಮಾ, ನಂಗೆ ಯಾಕೋ ಸರಿ ಕಾಣ್ತಾ ಇಲ್ಲ. ಆ ಹುಡುಗಿಗೆ ಉಸಿರು ಕಟ್ತಾ ಐತೆ. ಆಸ್ಪತ್ರೆಗೆ ಹೋಗ್ಬಿಡಣ."

"ಸುಮ್ಕಿರು ಬಾಷಾ. ಇದೆಲ್ಲ ನಿಂಗೆ ಗೊತ್ತಾಗಕಿಲ್ಲ."

ಅವನು ಬಸ್ಸಿನ ಕಡೆಗೆ ಹಿಂದಿರುಗಿದ. ಇಂಥ ವಿಷಯದಲ್ಲಿ ಅವನು ಇನ್ನೇನು ಹೇಳಿಯಾನು? ಹೆಂಗಸರು ಒಬ್ಬೊಬ್ಬರಾಗಿ ಬಂದು ಅಡ್ಡಬಿದ್ದರು. ಮಗಳಿಗೆ ಮಕ್ಕಳಾಗುತ್ತದೆಯೇ ತಾಯಿ ಎಂದು ಒಬ್ಬಳು. ಮಗನ ಕೋರ್ಟು ಕೇಸು ಯಾವಾಗ ಮುಗಿಯುತ್ತದೆ ಎಂದು ಇನ್ನೊಬ್ಬಳು. ಹುಡುಗಿ ಹ್ಞಾ ಎಂದದ್ದಕ್ಕೆಲ್ಲ ತಮಗೆ ಬೇಕಾದ ಅರ್ಥ ಹಚ್ಚಿಕೊಂಡು ಕಣ್ಣೊರೆಸಿಕೊಂಡರು. ಮರದ ನೆರಳು ರಸ್ತೆಯ ಆಚೆ ಬದಿಗೆ ಮುಟ್ಟುವವರೆಗೆ ಇದು ನಡೆಯಿತು. ಹುಡುಗಿಯ ಬಾಯಿಂದ ಜೊಲ್ಲು ಸುರಿದು ಕುಪ್ಪಸ ನೆನೆಯಿತು. ಕಣ್ಣಿನಲ್ಲಿ ನೀರು ಇಳಿಯುತ್ತಲೇ ಇತ್ತು. ಕೊನೆಗೆ ಖಾದರ್ ಬಾಷಾ ಯಾರನ್ನೂ ಕೇಳದೆ ಇಂಜಿನ್ ಹಾಕಿ ಹಾರ್ನ್ ಹೊಡೆಯತೊಡಗಿದ. ಹತ್ತುವವರು ಹತ್ತಲಿ, ಬಸ್ಸು ನೇರ ಆಸ್ಪತ್ರೆಗೇ ಹೋಗುತ್ತದೆ ಎಂದ.

ಬೆಟ್ಟದ ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಇದ್ದದ್ದು ಮಗಳ ವಯಸ್ಸಿನ ಡಾಕ್ಟರಮ್ಮ. ಹುಡುಗಿಯ ಕತ್ತು ನೋಡಿದಳು, ದವಡೆ ಮುಟ್ಟಿದಳು. "ವಾಂತಿಗೆ ಅಂತ ಏನಾದ್ರೂ ಮಾತ್ರೆ ಕೊಟ್ಟಿದ್ರಾ?" ಅದೇ ಮೊದಲನೇ ಪ್ರಶ್ನೆ. ಗಂಗರತ್ನಮ್ಮ ಡಬ್ಬಿ ತೆಗೆದು ತೋರಿಸಿದರು. ಆಗಲೂ ಅವರಿಗೆ ಏನೂ ಹೊಳೆದಿರಲಿಲ್ಲ, ಪಾಪ. ಡಾಕ್ಟರಮ್ಮ ಒಂದು ಇಂಜೆಕ್ಷನ್ ಕೊಟ್ಟಳು. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಣ್ಣುಗುಡ್ಡೆ ಕೆಳಗಿಳಿಯಿತು, ಕತ್ತು ನೆಟ್ಟಗಾಯಿತು. ಹುಡುಗಿ ನಿದ್ದೆಗೆ ಜಾರಿದಳು. ನಾಗಲಕ್ಷ್ಮಿ ಮಗಳ ಮುಖ ಒರೆಸಲು ಬಟ್ಟೆ ಒದ್ದೆ ಮಾಡಿ ತರುತ್ತೇನೆಂದು ನಲ್ಲಿಯ ಕಡೆಗೆ ಹೋಗಿದ್ದಳು.

"ನೋಡಿ ಅಮ್ಮ" ಎಂದಳು ಡಾಕ್ಟರಮ್ಮ, ಬೈಯುವ ದನಿಯಲ್ಲಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇದು ನಿಮ್ಮ ಮಾತ್ರೆಯಿಂದಲೇ ಆಗಿದ್ದು. ಕೆಲವರ ಮೈಗೆ ಒಗ್ಗಲ್ಲ, ಚಿಕ್ಕ ವಯಸ್ಸಿನೋರಿಗೆ ಇನ್ನೂ ಜಾಸ್ತಿ. ಅದೂ ಮೇಲಿಂದ ಮೇಲೆ ಕೊಟ್ಟಿದ್ದೀರ. ಕತ್ತಿನ ನರ, ಕಣ್ಣು, ನಾಲಿಗೆ ಎಲ್ಲ ಹಿಡ್ಕೊಂಡುಬಿಡುತ್ತೆ. ಇಂಜೆಕ್ಷನ್ ಪವರ್ ಇಳಿದ ಮೇಲೆ ಮತ್ತೆ ಬರಬಹುದು. ಅದಕ್ಕೇ ಈ ಮಾತ್ರೆ ಕೊಡ್ತಿದ್ದೀನಿ, ನಾಳೆ ನಾಡಿದ್ದು ತಪ್ಪಿಸಬೇಡಿ. ಇನ್ನು ಮುಂದೆ ಯಾವ ಡಾಕ್ಟರ ಹತ್ರ ಹೋದ್ರೂ ಈ ಮಾತ್ರೆ ಇವಳಿಗೆ ಆಗಲ್ಲ ಅಂತ ಹೇಳ್ಬೇಕು. ಇವಳ ತಾಯಿಗೂ ಹೇಳಿ."

ಹೇಳುತ್ತೇನೆ ಎಂದರು ಗಂಗರತ್ನಮ್ಮ. ಹೇಳಬೇಕು ಎಂದೇ ಹೊರಗೆ ಬಂದರು. ಬಸ್ಸಿನ ಬಾಗಿಲಲ್ಲಿ ಹೆಂಗಸರೆಲ್ಲ ಮುತ್ತಿಕೊಂಡರು. "ಡಾಕ್ಟ್ರು ಏನಂದ್ರು ಟೂರಮ್ಮ? ಅವ್ರಿಗೂ ಗೊತ್ತಾಯ್ತಂತಾ ಅಮ್ಮ ಬಂದಿದ್ದು?" ಆ ಮುಖಗಳನ್ನೆಲ್ಲ ನೋಡಿದರು. ಇಷ್ಟು ವರ್ಷ ಇವರ ಕೈಯಿಂದ ಕಣ್ಣಿಗೆ ಒತ್ತಿಕೊಂಡು ಮಾತ್ರೆ ನುಂಗಿದ ಮುಖಗಳು. ನನ್ನ ಕೈಯಾರೆ ಹೀಗಾಯಿತು ಎಂದು ಇವರಿಗೆ ಹೇಗೆ ಹೇಳುವುದು?

"ಏನಿಲ್ಲ ಕಣ್ರೇ. ಸುಸ್ತಂತೆ. ಎಲ್ಲಾ ಅಮ್ಮನ ದಯ" ಎಂದರು.

ನಾಗಲಕ್ಷ್ಮಿಯ ಕೈಗೆ ಡಾಕ್ಟರು ಕೊಟ್ಟ ಮಾತ್ರೆ ಹಾಕುವಾಗಲೂ ನಿಜ ಹೇಳಲಿಲ್ಲ. "ಶಕ್ತಿ ಮಾತ್ರೆ ಕಣೇ ನಾಗಾ, ಮಗೀಗೆ ಕೊಡು" ಎಂದಷ್ಟೇ ಹೇಳಿ ಬಂದು ತಮ್ಮ ಸೀಟಿನಲ್ಲಿ ಕೂತರು. ನಾಳೆ ಮನೆಗೇ ಹೋಗಿ ನಿಧಾನಕ್ಕೆ ಹೇಳಿದರಾಯಿತು ಎಂದುಕೊಂಡರು. ಆ ನಾಳೆ ಎನ್ನುವ ಮಾತು ಎಷ್ಟು ಮನೆ ಹಾಳು ಮಾಡಿದೆಯೋ!

ಮನೆಯಲ್ಲಿ ಅಮ್ಮನೇ ಬಂದು ಕೂತಿರುವಾಗ ಶಕ್ತಿ ಮಾತ್ರೆ ಯಾರಿಗೆ ಬೇಕು? ನಾಗಲಕ್ಷ್ಮಿ ಅದನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಹಾಕಿ ಮರೆತಳು. ಮಾರನೆಯ ದಿನ ಸಾಯಂಕಾಲ, ಡಾಕ್ಟರಮ್ಮ ಹೇಳಿದಂತೆಯೇ, ರಾಧಾಮಣಿಯ ಕತ್ತು ಮತ್ತೆ ತಿರುಗಿತು. ಅದು ಶುಕ್ರವಾರ ಬೇರೆ. ಬಸ್ಸಿನಲ್ಲಿ ನೋಡದವರೂ ಈಗ ಕಣ್ಣಾರೆ ನೋಡಿದರು. ಬೀದಿಗೆ ಬೀದಿಯೇ ಮನೆ ಮುಂದೆ ನೆರೆಯಿತು. ಬೇವಿನ ಸೊಪ್ಪು ಬಂತು, ತಮಟೆ ಬಂತು.

ಗಂಗರತ್ನಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು. ಜನರನ್ನು ತಳ್ಳಿಕೊಂಡು ಒಳಗೆ ಹೋಗಿ ನಾಗಲಕ್ಷ್ಮಿಯ ರಟ್ಟೆ ಹಿಡಿದರು. "ನಾಗಾ, ಇದು ಅಮ್ಮ ಅಲ್ಲ ಕಣೇ. ನಾನ್ ಕೊಟ್ಟ ಮಾತ್ರೆ. ಡಾಕ್ಟ್ರಮ್ಮ ಏಳವ್ರೆ. ಆಸ್ಪತ್ರೆಗೆ ಓಗಣ, ನಡಿ!"

ನಾಗಲಕ್ಷ್ಮಿ ರಟ್ಟೆ ಬಿಡಿಸಿಕೊಂಡಳು. ಹಣೆಯ ತುಂಬ ಅರಿಶಿನ ಬಳಿದುಕೊಂಡಿದ್ದಳು. "ನೆನ್ನೆ ಕರ್ಪೂರ ಹಚ್ಚಿದ್ದು ಯಾರು ಅಕ್ಕ? ನೀವೇ ಅಲ್ವಾ? ಶಕ್ತಿ ಮಾತ್ರೆ ಅಂತ ಕೊಟ್ಟಿದ್ದೂ ನೀವೇ. ಇವತ್ತು ಇನ್ನೊಂದು ಹೇಳ್ತೀರ. ಊರೆಲ್ಲ ನಿಮ್ಮ ಕಾಲಿಗೆ ಬೀಳ್ತಿತ್ತು, ಈಗ ನನ್ ಮಗಳ ಕಾಲಿಗೆ ಬೀಳ್ತೈತೆ ಅಂತ ಹೊಟ್ಟೆ ಉರೀತಾ?"

ಡಾಕ್ಟರಮ್ಮನ ಮಾತ್ರೆಯನ್ನಾದರೂ ಮಗುವಿಗೆ ಕೊಡು ಎಂದು ಗಂಗರತ್ನಮ್ಮ ಕೈಮುಗಿದು ಬೇಡಿದರು, ಕೊಡಲಿಲ್ಲ. ಹುಡುಗಿ ನರಳಿ ನರಳಿ, ರಾತ್ರಿ ಊಟದ ಹೊತ್ತಿಗೆ ಕತ್ತು ತಾನಾಗಿ ಸಡಿಲವಾಯಿತು. ಮಾತ್ರೆಯ ವಿಷ ಮೈಬಿಟ್ಟಿತ್ತು. ಅದಾದ ಮೇಲೆ ಇವತ್ತಿನವರೆಗೆ ಅವಳಿಗೆ ಹಾಗೆ ಆಗಿಲ್ಲ. ಆಗಬೇಕಾದ ಅಗತ್ಯವೂ ಬೀಳಲಿಲ್ಲ ಎನ್ನಿ. ಜನ ನಂಬಿಯಾಗಿತ್ತು.

ಶುಕ್ರವಾರ ಬಂದರೆ ನಾಗಲಕ್ಷ್ಮಿಯ ಮನೆ ಮುಂದೆ ನಿಂಬೆಹಣ್ಣು ಹಿಡಿದವರ ಸಾಲು. ಒಳಗೆ ಮಣೆಯ ಮೇಲೆ ಕೂತ ರಾಧಾಮಣಿಯ ಕಾಲಿಗೆ ಬಿದ್ದು ಹೋಗುವರು. ಯಲಹಂಕದಿಂದ, ಜಕ್ಕೂರಿನಿಂದ, ಕಾರಿನಲ್ಲಿ ಬರುವವರೂ ಇದ್ದರು. ಅಮ್ಮ ಬರುವ ಮೈ ಮಡಿಯಲ್ಲಿರಬೇಕು, ಬಸ್ಸಿನಲ್ಲಿ ಕಂಡವರ ಮಧ್ಯೆ ನಿಲ್ಲಬಾರದು ಎಂದು ಯಾರೋ ಹೇಳಿದರು. ಹುಡುಗಿಯ ಕಾಲೇಜು ನಿಂತಿತು.

ಗಂಗರತ್ನಮ್ಮ ಸುಮ್ಮನೆ ಕೂರಲಿಲ್ಲ. ಒಂದು ಶುಕ್ರವಾರ ಆ ಮನೆಯ ಮೆಟ್ಟಿಲ ಮೇಲೆ ನಿಂತು, ಉಳಿದ ಮಾತ್ರೆಯ ಸ್ಟ್ರಿಪ್ ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದರು. ಇದರಿಂದ ಆದದ್ದು. ಡಾಕ್ಟರು ಬೇಡವೆಂದಿದ್ದರು, ನಾನು ಕೊಟ್ಟೆ. ಕೇಳಿದ ಮೇಲೂ ಮುಚ್ಚಿಟ್ಟೆ. ಪಾಪಿ ನಾನು, ಆ ಮಗುವನ್ನು ಬಿಟ್ಟುಬಿಡಿ. ಊರಿನ ಹಿರಿಯ ಚಿಕ್ಕಬೈರಪ್ಪ ಎದ್ದು ಬಂದು ಇವರ ಬೆನ್ನು ಸವರಿದ. "ಅಳಬ್ಯಾಡ ಕಣವ್ವ. ಆಯಮ್ಮ ಇಂತಾದ್ರಾಗೇ ಬತ್ತೀನಿ ಅಂದ್ರೆ ನೀನೇನ್ ಮಾಡಕಾಯ್ತದೆ? ನಿನ್ ಕೈಯಾಗಿಂದ ಮಾತ್ರೆ ರೂಪ್ದಾಗೆ ಬಂದವ್ಳೆ. ನೀನೇ ಪುಣ್ಯವಂತೆ." ಜನ ಹೌದು ಹೌದು ಎಂದರು. ಹೊರಡುವಾಗ ಒಬ್ಬ ಹೆಂಗಸು ಸೆರಗು ಹಿಡಿದೆಳೆದು, "ಟೂರಮ್ಮ, ಅದ್ರಾಗೆ ಒಂದು ನನ್ ಸೊಸೆಗೂ ಕೊಡಿ" ಎಂದಳು. ಗಂಗರತ್ನಮ್ಮ ಹೆದರಿ ಮನೆಗೆ ಓಡಿ, ಒಂದೊಂದೇ ಮಾತ್ರೆ ಬಿಡಿಸಿ ಪುಡಿ ಮಾಡಿ, ಕಸದ ಗಾಡಿಗೆ ಕೊಟ್ಟರು.

ಟೂರು ನಿಂತಿದೆ. ಖಾದರ್ ಬಾಷಾ ಆಗೀಗ ಫೋನು ಮಾಡಿ "ಅಮ್ಮಾ, ಬಸ್ಸು ಖಾಲಿ ಐತೆ" ಎನ್ನುತ್ತಾನೆ. ಇವರು ಕಾಲು ನೋವು ಎನ್ನುತ್ತಾರೆ. ಮೊಮ್ಮಕ್ಕಳಿಗೆ ನೆಗಡಿಯಾದರೂ ಡಾಕ್ಟರು ಬರೆದ ಚೀಟಿಯನ್ನು ಸೊಸೆಯ ಕೈಲಿ ಎರಡು ಸಲ ಓದಿಸಿ ಕೇಳುತ್ತಾರೆ. ಅದು ಯಾರ ಮಾತ್ರೆ, ಎಷ್ಟು, ಯಾವಾಗ, ಯಾರು ತೆಗೆದುಕೊಳ್ಳಬಾರದು ಎಂದು ಪೀಡಿಸುತ್ತಾರೆ. ಸೊಸೆಗೆ ಅದು ಮುದುಕಿಯ ಚಾಳಿ. ಈ ಬುದ್ಧಿ ಒಂದು ಟೂರು ಮುಂಚೆ ಬಂದಿದ್ದರೆ ಎಂದು ಅವರು ಯಾರ ಹತ್ತಿರ ಹೇಳಿಕೊಳ್ಳಬೇಕು?

ಮೊನ್ನೆ ರಾಧಾಮಣಿ ಒಬ್ಬಳೇ ಸಿಕ್ಕಳು. ನಾಗಲಕ್ಷ್ಮಿ ಕೆಳಗೆ ಪೂಜೆಗೆ ಅಣಿ ಮಾಡುತ್ತಿದ್ದಳು. ಹುಡುಗಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಗಂಗರತ್ನಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಹೋದರು.

"ಮಗಾ, ನೀನಾರ ಏಳೇ. ನನ್ ಮಾತ್ ಕೇಳಕಿಲ್ಲ ಅವ್ರು. ನಂಗೇನೂ ಬರಲ್ಲ, ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ನಾನ್ ಕಾಲೇಜಿಗೆ ಓಯ್ತೀನಿ ಅಂತ ನೀನೇ ಒಂದ್ ಮಾತ್ ಅಂದ್ಬುಡು. ಫೀಜು ಪಾಜು ಎಲ್ಲಾ ನಾನ್ ನೋಡ್ಕತೀನಿ."

ರಾಧಾಮಣಿ ಲಂಗ ಕೊಡವಿ ತಂತಿಗೆ ಹಾಕಿದಳು. "ಹೇಳ್ಬಹುದು ಅಜ್ಜಿ. ಆದ್ರೆ ನಮ್ಮಮ್ಮನ ಮುಖ ನೋಡಿದ್ದೀರಾ ಈಗ? ಅಪ್ಪ ಹೋದ್ಮೇಲೆ ಯಾರ ಮನೆ ಶುಭಕಾರ್ಯಕ್ಕೂ ಕರೀತಿರ್ಲಿಲ್ಲ ಅವಳನ್ನ. ಎದುರಿಗೆ ಬಂದ್ರೆ ಅಪಶಕುನ ಅಂತಿದ್ರು. ಈಗ ಅವರೇ ಬಂದು ಅವಳ ಕೈಯಿಂದ ಕುಂಕುಮ ಇಡಿಸ್ಕೊಂಡು ಹೋಗ್ತಾರೆ. ಅದನ್ನ ಹೆಂಗೆ ಕಿತ್ಕೊಳ್ಳಿ?"

ಗಂಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ ಕ್ಷಮಿಸ್ಬುಡು ಮಗಾ. ಅವತ್ತು ನಂಗೆ ತಿಳೀಲಿಲ್ಲ. ನಿಂಗೂ ಮೈಮೇಲೆ ಗ್ಯಾನ ಇರ್ಲಿಲ್ಲ, ನೀನಾರ ಏನ್ ಏಳ್ತಿದ್ದೆ."

"ಜ್ಞಾನ ಇತ್ತು ಅಜ್ಜಿ" ಎಂದಳು ರಾಧಾಮಣಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ನಂಗೆ ಎಲ್ಲಾ ಗೊತ್ತಾಗ್ತಿತ್ತು. ಯಾರ್ ಏನ್ ಅಂದ್ರು, ಯಾರ್ ಕಾಲಿಗ್ ಬಿದ್ರು, ಎಲ್ಲಾ. ಕತ್ತು ಕಿತ್ತು ಹೋಗೋ ಹಂಗೆ ನೋವು. ಬಾಯಿ ಮಾತ್ರ ಬರ್ತಿರ್ಲಿಲ್ಲ. ಸಾಯ್ತೀನಿ ಅಂದ್ಕೊಂಡೆ. ನೀವು ಹತ್ರ ಬಂದ್ರಲ್ಲ, ಆಗ ನಿಮ್ಮ ಕೈ ಗಟ್ಟಿಯಾಗಿ ಹಿಡ್ಕೊಂಡೆ, ಅಜ್ಜಿ ಬಿಡಲ್ಲ ಅಂತ. ನೀವು ಒಂದೊಂದೇ ಬೆರಳು ಬಿಡಿಸಿ, ನಂಗೆ ಕೈ ಮುಗಿದ್ರಿ."

ಕೆಳಗಿನಿಂದ ನಾಗಲಕ್ಷ್ಮಿ ಕೂಗಿದಳು. "ರಾಧಾ, ಜನ ಬಂದವ್ರೆ, ಬೇಗ ಬಾರಮ್ಮ."

"ಬಂದೆ" ಎಂದಳು ರಾಧಾಮಣಿ. ಖಾಲಿ ಬಕೆಟ್ಟನ್ನು ಗೋಡೆ ಪಕ್ಕ ಬೋರಲು ಹಾಕಿದಳು. ಹೆಣೆದುಕೊಂಡಿದ್ದ ಜಡೆಯನ್ನು ತಾನೇ ಬಿಚ್ಚಿ, ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು, ಮೆಟ್ಟಿಲಿಳಿದು ಹೋದಳು.